ಒಂದೇ ಒಂದು ಅಸಾಧ್ಯ: ಫ್ಯಾಂಟಸಿ ಮತ್ತು ವಿಜ್ಞಾನ ಕಥೆಗಳಲ್ಲಿ ಯಾವುದನ್ನು ಓದಬೇಕು?

ಪ್ರಶ್ನೆ: ನಾನು ಶಿರಸಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ದ್ವಿತೀಯ ಪಿಯುಸಿಯಲ್ಲಿರುವ ಮಗಳು ಇಂಗ್ಲಿಷಿನ ಫ್ಯಾಂಟಸಿ ಕಾದಂಬರಿಗಳನ್ನು ಒಂದರ ಹಿಂದೆ ಒಂದರಂತೆ ಓದುತ್ತಾಳೆ. ಕನ್ನಡದಲ್ಲಿ ಇಂಥದ್ದು ಏನಿದೆ ಎಂದು ಅವಳು ಕೇಳಿದಾಗ ‘ಕರ್ವಾಲೊ’ ಬಿಟ್ಟು ಬೇರೆ ಹೆಸರು ನನಗೆ ಹೊಳೆಯಲಿಲ್ಲ. ಇದೆಲ್ಲ ಮಕ್ಕಳ ಓದು, ಈ ವಯಸ್ಸಿಗೆ ತಕ್ಕದ್ದಲ್ಲ ಎಂದು ಮನೆಯ ಹಿರಿಯರು ಹೇಳುತ್ತಾರೆ. ನಿಮಗೆ ಇಷ್ಟವಾದ ಫ್ಯಾಂಟಸಿ ಮತ್ತು ವಿಜ್ಞಾನ ಕಥೆಯ ಪುಸ್ತಕಗಳು ಯಾವುವು? ನಾವಿಬ್ಬರೂ ಕೂಡಿ ಓದುವುದಾದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ಹೆಸರುಗಳನ್ನು ಹೇಳುವ ಮೊದಲು ನಾನು ಪುಸ್ತಕಗಳನ್ನು ಆರಿಸಿಕೊಳ್ಳುವ ಬಗೆಯನ್ನು ತಿಳಿಸುತ್ತೇನೆ, ಅದು ಗೊತ್ತಾದರೆ ನನ್ನ ಪಟ್ಟಿಯನ್ನು ಒಪ್ಪುವುದಕ್ಕೂ ಬಿಡುವುದಕ್ಕೂ ನಿಮಗೆ ಅನುಕೂಲವಾಗುತ್ತದೆ. ನಿಮ್ಮ ಕಡೆಯ ತಾಳಮದ್ದಳೆಯಲ್ಲಿ ವಾಲಿವಧೆಯ ಪ್ರಸಂಗವನ್ನು ನೀವು ಕೇಳಿಯೇ ಇರುತ್ತೀರಿ. ಎದುರು ನಿಂತವನ ಬಲದಲ್ಲಿ ಅರ್ಧ ವಾಲಿಗೆ ಬರುತ್ತದೆ ಎಂಬ ಮಾತನ್ನು ಸಭೆಯಲ್ಲಿ ಕುಳಿತ ಯಾರೂ ಪ್ರಶ್ನಿಸುವುದಿಲ್ಲ. ಆದರೆ ಅದನ್ನು ಒಪ್ಪಿಕೊಂಡ ಮರುಕ್ಷಣದಿಂದ ಲೆಕ್ಕಾಚಾರ ಬಿಗಿಯಾಗುತ್ತದೆ: ಹಾಗಾದರೆ ರಾಮ ಎದುರು ನಿಲ್ಲುವಂತಿಲ್ಲ, ಮರೆಯಲ್ಲಿ ನಿಂತೇ ಬಾಣ ಬಿಡಬೇಕು, ಬಿಟ್ಟ ಮೇಲೆ ಬಿದ್ದವನು ಕೇಳುವ ಪ್ರಶ್ನೆಗಳಿಗೆ ಉತ್ತರಿಸಬೇಕು, ಅರ್ಥಧಾರಿ ಆ ಉತ್ತರದಲ್ಲಿ ಜಾರಿದರೆ ಸಭೆ ಕ್ಷಮಿಸುವುದಿಲ್ಲ. ಒಳ್ಳೆಯ ಫ್ಯಾಂಟಸಿ ಮತ್ತು ಒಳ್ಳೆಯ ವಿಜ್ಞಾನ ಕಥೆ ಎರಡೂ ಹೀಗೆಯೇ ನಡೆಯುತ್ತವೆ. ಅವು ಆರಂಭದಲ್ಲಿ ಒಂದು ಅಸಾಧ್ಯವನ್ನು ಒಪ್ಪಿಕೊಳ್ಳುವಂತೆ ಕೇಳುತ್ತವೆ, ಅನಂತರ ಯಾವ ರಿಯಾಯಿತಿಯನ್ನೂ ಕೇಳದೆ ಆ ಒಂದರ ಬೆಲೆಯನ್ನು ಕೊನೆಯ ಪುಟದವರೆಗೂ ತೆರುತ್ತವೆ. ಎಚ್. ಜಿ. ವೆಲ್ಸ್ ತಮ್ಮ ವಿಜ್ಞಾನ ಕಾದಂಬರಿಗಳ ಸಂಕಲನಕ್ಕೆ 1933ರಲ್ಲಿ ಬರೆದ ಮುನ್ನುಡಿಯಲ್ಲಿ ಇದೇ ಅರ್ಥದ ಮಾತನ್ನು ಹೇಳಿದ್ದಾರೆ. ಏನು ಬೇಕಾದರೂ ನಡೆಯಬಹುದಾದ ಕಥೆಯಲ್ಲಿ ಓದುಗನಿಗೆ ಕುತೂಹಲ ಉಳಿಯುವುದಿಲ್ಲ ಎಂಬುದು ಅವರ ನಿಲುವು. ಇದು ಮಕ್ಕಳ ಓದು ಎನ್ನುವ ನಿಮ್ಮ ಹಿರಿಯರು ಇರುಳಿಡೀ ಕುಳಿತು ಯಕ್ಷಗಾನ ನೋಡಿದವರೇ ಆಗಿದ್ದರೆ, ಈ ಓದಿಗೆ ಬೇಕಾದ ತರಬೇತಿ ಅವರಿಗೆ ಈಗಾಗಲೇ ಆಗಿದೆ ಎಂದು ನೀವು ವಿನಯದಿಂದ ಹೇಳಬಹುದು.

ಈ ಅಳತೆಗೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವ ಪುಸ್ತಕ ಅರ್ಸುಲಾ ಲ ಗ್ವಿನ್ ಅವರು 1968ರಲ್ಲಿ ಪ್ರಕಟಿಸಿದ ‘ಎ ವಿಜರ್ಡ್ ಆಫ್ ಅರ್ಥ್‌ಸೀ’. ನಿಮ್ಮ ಮಗಳು ಅದನ್ನು ಓದಿಲ್ಲದಿದ್ದರೆ ಅಲ್ಲಿಂದಲೇ ಆರಂಭಿಸಿ. ಅದು ನೂರಾರು ದ್ವೀಪಗಳ ಲೋಕ. ನೆಲಕ್ಕಿಂತ ನೀರು ಹೆಚ್ಚು, ಊರಿನಿಂದ ಊರಿಗೆ ಹೋಗಬೇಕಾದರೆ ದೋಣಿಯೇ ಗತಿ. ಗೆಡ್ ಎಂಬ ಆಡು ಕಾಯುವ ಹುಡುಗ ತನ್ನ ಬೆಟ್ಟದ ಹಳ್ಳಿಗೆ ದಾಳಿಕೋರರು ನುಗ್ಗಿದಾಗ ಮಂಜನ್ನು ಕರೆದು ಹಳ್ಳಿಯನ್ನೇ ಮರೆಮಾಡುತ್ತಾನೆ. ದೇವಿಮನೆ ಘಟ್ಟದಲ್ಲಿ ಮಳೆಗಾಲದ ಬೆಳಗಿನಲ್ಲಿ ಬಸ್ಸಿನ ಮುಂದಿನ ರಸ್ತೆ ಕಾಣದಂತಾಗುವುದನ್ನು ಬಲ್ಲವರಿಗೆ ಆ ಅಧ್ಯಾಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಇಲ್ಲಿ ಲೇಖಕಿ ನಮ್ಮಿಂದ ಕೇಳುವ ನಂಬಿಕೆ ಒಂದೇ: ಪ್ರತಿಯೊಂದು ವಸ್ತುವಿಗೂ ಒಂದು ನಿಜವಾದ ಹೆಸರಿದೆ, ಅದನ್ನು ಬಲ್ಲವನಿಗೆ ಅದರ ಮೇಲೆ ಅಧಿಕಾರವಿದೆ. ಇದಾದ ಮೇಲೆ ಬರುವುದೆಲ್ಲ ಹೊಣೆಯ ಮಾತು. ಒಂದು ದ್ವೀಪದ ಮೇಲೆ ಮಳೆ ಕರೆದರೆ ಇನ್ನೊಂದು ದ್ವೀಪದಲ್ಲಿ ಬರ ಬರಬಹುದು; ಆದ್ದರಿಂದ ಗೆಡ್‌ನ ಮೊದಲ ಗುರು ಓಗಿಯನ್, ಮಳೆಯನ್ನು ಸರಿಸಬಲ್ಲವನಾಗಿದ್ದರೂ, ಮರದಡಿಯಲ್ಲಿ ಸುಮ್ಮನೆ ನೆನೆಯುತ್ತಾ ಮಲಗುತ್ತಾನೆ. ಶಿಷ್ಯನಿಗೆ ಅದು ಅರ್ಥವಾಗುವುದಿಲ್ಲ. ವಿದ್ಯಾಶಾಲೆಯಲ್ಲಿ ಸಹಪಾಠಿಯ ಎದುರು ಹೆಮ್ಮೆಗೆ ಬಿದ್ದು ಅವನು ಸತ್ತವರ ಲೋಕದಿಂದ ಆತ್ಮವೊಂದನ್ನು ಕರೆಯುತ್ತಾನೆ, ಅದರ ಜೊತೆಗೆ ಹೆಸರಿಲ್ಲದ ನೆರಳೊಂದು ಹೊರಬರುತ್ತದೆ, ಉಳಿದ ಕಥೆ ಆ ನೆರಳಿನೊಂದಿಗಿನ ಓಟ. ಅದರ ಅಂತ್ಯವನ್ನು ನಾನು ಹೇಳುವುದಿಲ್ಲ.

ಈ ಪುಸ್ತಕದಲ್ಲಿ ಯುದ್ಧವಿಲ್ಲ, ಸೈನ್ಯಗಳಿಲ್ಲ, ಲೋಕವನ್ನು ಉಳಿಸುವ ಘೋಷಣೆಯಿಲ್ಲ; ಮಾಡಿದ್ದನ್ನು ಒಪ್ಪಿಕೊಂಡು ಅದರ ಎದುರು ನಿಲ್ಲುವ ಒಬ್ಬ ತರುಣನಿದ್ದಾನೆ, ಅಷ್ಟೇ. ಗೆಡ್‌ನ ಮೈಬಣ್ಣ ತಾಮ್ರಗೆಂಪು ಎಂದು ಪುಸ್ತಕ ಸ್ಪಷ್ಟವಾಗಿ ಹೇಳಿದ್ದರೂ ಅನೇಕ ಮುದ್ರಣಗಳ ಮುಖಪುಟಗಳಲ್ಲಿ ಅವನನ್ನು ಬಿಳಿಯನಾಗಿ ಬರೆದದ್ದರ ಬಗ್ಗೆ ಲೇಖಕಿಗೆ ಕೊನೆಯವರೆಗೂ ಅಸಮಾಧಾನವಿತ್ತು. ನಿಮ್ಮ ಕೈಗೆ ಅಂಥ ಮುಖಪುಟ ಬಂದರೆ ಅದನ್ನು ನಂಬಬೇಡಿ. ಮುಂದಿನ ಎರಡು ಭಾಗಗಳು 1971 ಮತ್ತು 1972ರಲ್ಲಿ ಬಂದವು. ಎರಡನೆಯದಾದ ‘ದ ಟೂಂಬ್ಸ್ ಆಫ್ ಅಟುವಾನ್’ನ ನಾಯಕಿ ಕತ್ತಲೆಯ ಶಕ್ತಿಗಳ ಪೂಜಾರಿಣಿಯಾಗಿ ಬೆಳೆಸಲ್ಪಟ್ಟ ಹುಡುಗಿ, ಹದಿನೇಳರ ಓದುಗರಿಗೆ ಅದು ಮೊದಲನೆಯದಕ್ಕಿಂತಲೂ ಹತ್ತಿರವಾದೀತು.

ಶಕ್ತಿಗೆ ಬೆಲೆಯುಂಟು ಎಂಬ ಈ ವಿಚಾರವನ್ನು ಕನ್ನಡದಲ್ಲಿ ಬಹಳ ಮೊದಲೇ ಕಾದಂಬರಿಯಾಗಿ ಬೆಳೆಸಿದವರು ದೇವುಡು ನರಸಿಂಹಶಾಸ್ತ್ರಿಗಳು. ಅವರ ‘ಮಹಾಬ್ರಾಹ್ಮಣ’ವನ್ನು ನಮ್ಮಲ್ಲಿ ಪೌರಾಣಿಕ ಕಾದಂಬರಿ ಎಂದು ಕಪಾಟಿನ ಒಂದು ಮೂಲೆಗೆ ಸೇರಿಸಿಬಿಟ್ಟಿದ್ದಾರೆ. ಆದರೆ ವಿಶ್ವಾಮಿತ್ರನ ತಪಸ್ಸು ಗಳಿಸಬೇಕಾದ, ಕೂಡಿಡಬೇಕಾದ, ಸಿಟ್ಟಿನಿಂದಲೋ ಮೋಹದಿಂದಲೋ ಒಮ್ಮೆಗೇ ವೆಚ್ಚವಾಗಿ ಹೋಗುವ ಶಕ್ತಿ. ತ್ರಿಶಂಕುವಿಗಾಗಿ ಇನ್ನೊಂದು ಸ್ವರ್ಗವನ್ನೇ ಕಟ್ಟಬಲ್ಲವನು ಮರುದಿನ ಮತ್ತೆ ಮೊದಲಿನಿಂದ ಆರಂಭಿಸಬೇಕು. ಇಂದಿನ ಇಂಗ್ಲಿಷ್ ಫ್ಯಾಂಟಸಿಯ ಓದುಗರು ಮಾಂತ್ರಿಕತೆಯ ನಿಯಮಗಳ ಬಗ್ಗೆ ಇಷ್ಟೊಂದು ಚರ್ಚಿಸುತ್ತಾರಲ್ಲ, ಅವರಿಗೆ ಬೇಕಾದದ್ದೆಲ್ಲ ಇಲ್ಲಿದೆ. ಭಾಷೆ ಹಳೆಯ ಜಾಡಿನದು, ಸಂಸ್ಕೃತ ಪದಗಳು ದಟ್ಟವಾಗಿವೆ. ಮಗಳಿಗೆ ಮೊದಲ ಐವತ್ತು ಪುಟಗಳಲ್ಲಿ ನಿಮ್ಮ ಜೊತೆ ಬೇಕಾಗಬಹುದು. ಚಂದ್ರಶೇಖರ ಕಂಬಾರರ ‘ಚಕೋರಿ’ ಮತ್ತು ‘ಶಿಖರಸೂರ್ಯ’ಗಳಿಗೆ ಅಂಥ ಅಡ್ಡಿ ಇಲ್ಲ. ಅವರ ಶಿವಾಪುರದಲ್ಲಿ ಯಕ್ಷಿಯರೂ ಹಟ್ಟಿಯ ಜನರೂ ಒಂದೇ ಗಾಳಿಯನ್ನು ಉಸಿರಾಡುತ್ತಾರೆ. ಎರಡರಲ್ಲಿ ಒಂದನ್ನೇ ಓದುವುದಾದರೆ ನಾನು ‘ಶಿಖರಸೂರ್ಯ’ವನ್ನು ಹೇಳುತ್ತೇನೆ, ವಿದ್ಯೆ ಅಧಿಕಾರದ ಆಸೆಗೆ ಸಿಕ್ಕಾಗ ಏನಾಗುತ್ತದೆ ಎಂಬುದು ಅದರ ವಸ್ತು.

ಇನ್ನು ‘ಕರ್ವಾಲೊ’. ಪೂರ್ಣಚಂದ್ರ ತೇಜಸ್ವಿಯವರ ಈ ಕಾದಂಬರಿ ಬಂದದ್ದು 1980ರಲ್ಲಿ. ಅದನ್ನು ವಿಜ್ಞಾನ ಕಥೆ ಎನ್ನಬಹುದೇ ಎಂಬ ಚರ್ಚೆ ಆಗಾಗ ನಡೆಯುತ್ತದೆ. ನೀವು ವಿಜ್ಞಾನ ಕಲಿಸುವವರು, ಆದ್ದರಿಂದ ಒಂದು ಸಂಗತಿಯನ್ನು ನೆನಪಿಸುತ್ತೇನೆ: ಈ ಕಾದಂಬರಿಯವರು ಹುಡುಕಿ ಹೊರಡುವ ಹಾರುವ ಓತಿ ಕಲ್ಪನೆಯ ಪ್ರಾಣಿಯಲ್ಲ. ಡ್ರೇಕೊ ಎಂಬ ಕುಲಕ್ಕೆ ಸೇರಿದ ಅದು ಪಶ್ಚಿಮ ಘಟ್ಟದಲ್ಲಿದೆ. ಶಿರಸಿ ಸೀಮೆಯ ಅಡಿಕೆ ತೋಟಗಳಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿ ಹೋಗುವುದನ್ನು ತಾಳ್ಮೆಯಿದ್ದರೆ ನೀವೇ ನೋಡಬಹುದು. ಅಂದರೆ ತೇಜಸ್ವಿ ಇಟ್ಟುಕೊಂಡ ಅಸಾಧ್ಯ ತೀರ ಚಿಕ್ಕದು. ಇರುವ ಪ್ರಾಣಿಗೆ ಇಲ್ಲದ ಒಂದು ಪ್ರಾಚೀನತೆಯನ್ನು ಸೇರಿಸಿ, ಅದರ ಹಿಂದೆ ಕರ್ವಾಲೊ ಎಂಬ ವಿಜ್ಞಾನಿಯನ್ನೂ ಜೇನು ಹಿಡಿಯುವ ಮಂದಣ್ಣನನ್ನೂ ಕಿವಿ ಎಂಬ ನಾಯಿಯನ್ನೂ ಕಾಡಿಗೆ ಕಳುಹಿಸಿದ್ದಾರೆ. ಶಾಲೆ ಓದದ ಮಂದಣ್ಣನನ್ನು ಹುಟ್ಟು ಪ್ರಕೃತಿ ವಿಜ್ಞಾನಿ ಎಂದು ಕರ್ವಾಲೊ ಗುರುತಿಸುವುದೇ ನನಗೆ ಆ ಕಾದಂಬರಿಯ ದೊಡ್ಡ ವಿಸ್ಮಯ. ಇದನ್ನು ಮಗಳು ಪಠ್ಯವಾಗಿ ಓದಿದ್ದರೆ ಇನ್ನೊಮ್ಮೆ ಪಠ್ಯವಲ್ಲದೆ ಓದಲಿ.

ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಈ ಪಟ್ಟಿಗೆ ಹೇಗೆ ಬಂತು ಎಂದು ನೀವು ಕೇಳಬಹುದು. ಅಜ್ಜಿಯ ಕೈಗೆ ಹಳೆಯ ವಸ್ತುವೊಂದನ್ನು ಕೊಟ್ಟರೆ ಅದರ ಹಿಂದಿನ ಕಾಲ ಅವಳಿಗೆ ಕಾಣುತ್ತದೆ. ಇದು ಕಾರಂತರು ಕೇಳುವ ಒಂದೇ ರಿಯಾಯಿತಿ. ಕಾರಂತರಂಥ ಕಟು ವಿಚಾರವಾದಿ ಅದನ್ನು ಯಾಕೆ ಕೇಳಿದರು ಎಂದು ಯೋಚಿಸುತ್ತಾ ಓದಿದರೆ ಕಾದಂಬರಿ ಬೇರೆಯೇ ಆಗಿ ತೆರೆದುಕೊಳ್ಳುತ್ತದೆ. ವೆಲ್ಸ್ ಅವರ ‘ದ ಟೈಮ್ ಮಶೀನ್’ (1895) ಎಂಟು ಲಕ್ಷ ವರ್ಷ ಮುಂದಕ್ಕೆ ಹೋಗಿ ಮನುಷ್ಯಕುಲ ಎರಡಾಗಿ ಒಡೆದದ್ದನ್ನು ತೋರಿಸುತ್ತದೆ. ಅಜ್ಜಿಯಾದರೋ ಜಗುಲಿ ಬಿಟ್ಟು ಏಳದೆ ಹಿಂದಕ್ಕೆ ಹೋಗಿ ದೇವರುಗಳು, ಮದುವೆ, ಮರ್ಯಾದೆಗಳು ಹೇಗೆ ಹುಟ್ಟಿದವು ಎಂದು ನೋಡುತ್ತಾಳೆ. ಇವೆರಡನ್ನು ಒಂದೇ ತಿಂಗಳಲ್ಲಿ ಓದಿ. ವೆಲ್ಸ್ ಅವರ ಪುಸ್ತಕ ನೂರೈವತ್ತು ಪುಟ ಮೀರುವುದಿಲ್ಲ, ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಅಂತರ್ಜಾಲದಲ್ಲಿ ಉಚಿತವಾಗಿಯೇ ದೊರೆಯುತ್ತದೆ.

ನಿಮ್ಮ ಊರಿನೊಂದಿಗೆ ನೇರ ನಂಟಿರುವ ಒಂದು ಕೃತಿಯೂ ಇದೆ. ಗಿರೀಶ ಕಾರ್ನಾಡರು ಬಾಲ್ಯವನ್ನು ಕಳೆದದ್ದು ಶಿರಸಿಯಲ್ಲಿ. ಯಕ್ಷಗಾನವನ್ನೂ ನಾಟಕ ಕಂಪನಿಗಳನ್ನೂ ಅವರು ಮೊದಲು ಕಂಡದ್ದು ಅಲ್ಲಿಯೇ. ಅವರ ‘ಹಯವದನ’ (1971) ನಾಟಕದಲ್ಲಿ ಕಾಳಿಯ ಗುಡಿಯಲ್ಲಿ ಇಬ್ಬರು ಗೆಳೆಯರ ತಲೆಗಳು ಅದಲುಬದಲಾಗುತ್ತವೆ, ಪದ್ಮಿನಿಯ ಗಂಡ ಯಾರು ಎಂಬ ಪ್ರಶ್ನೆ ಏಳುತ್ತದೆ. ಕಥೆಯ ಮೂಲ ‘ಕಥಾಸರಿತ್ಸಾಗರ’ದ ಬೇತಾಳ ಪ್ರಶ್ನೆಯಲ್ಲಿದೆ, ಅದನ್ನು ಜರ್ಮನ್ ಲೇಖಕ ಥಾಮಸ್ ಮನ್ ಬೆಳೆಸಿದ್ದರು. ಬೇತಾಳನಿಗೆ ಸಿಕ್ಕ ಉತ್ತರ ಸರಳ: ತಲೆಯೇ ಪ್ರಧಾನ, ತಲೆ ಇರುವವನೇ ಗಂಡ. ಕಾರ್ನಾಡರು ಅಷ್ಟಕ್ಕೆ ಬಿಡದೆ, ದೇಹಕ್ಕೂ ನೆನಪಿದೆಯಲ್ಲ, ಅದನ್ನು ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಅಂಗಾಂಗ ಕಸಿ, ಮೆದುಳು, ಗುರುತು ಇವುಗಳ ಸುತ್ತ ಬಂದ ಎಷ್ಟೋ ವಿಜ್ಞಾನ ಕಥೆಗಳು ಈ ಪ್ರಶ್ನೆಯನ್ನು ದಾಟಿ ಹೆಚ್ಚು ದೂರ ಹೋಗಿಲ್ಲ. ತಾಯಿ ಮಗಳು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುವುದಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ತೋರದು.

ಕನ್ನಡದಲ್ಲಿ ವಿಜ್ಞಾನ ಕಥೆಯೆಂದೇ ಹೆಸರಿಟ್ಟು ಬರೆದವರ ಸಾಲು ದೊಡ್ಡದಲ್ಲ. ನಮ್ಮ ಕರಾವಳಿಯ ಮಟ್ಟಿಗೆ ಇದು ಸ್ವಲ್ಪ ವಿಚಿತ್ರವೇ. ಹನೇಹಳ್ಳಿಯ ಯಶವಂತ ಚಿತ್ತಾಲರು ಪಾಲಿಮರ್ ವಿಜ್ಞಾನಿ, ಗೋಕರ್ಣದ ಜಯಂತ ಕಾಯ್ಕಿಣಿಯವರು ಜೀವರಸಾಯನಶಾಸ್ತ್ರ ಓದಿದವರು, ಅಂಕೋಲೆಯ ವಿವೇಕ ಶಾನಭಾಗರು ಎಂಜಿನಿಯರ್. ಮೂವರ ಹೆಸರನ್ನೂ ಮಾಡಿದ್ದು ಮನೆ, ಬೀದಿ, ಕಚೇರಿಗಳ ಮನುಷ್ಯರ ಕಥೆಗಳು. ಪ್ರಯೋಗಾಲಯ ಬಲ್ಲವರು ಅದನ್ನು ಕಥೆಗೆ ತರಲು ಹಿಂಜರಿಯುತ್ತಾರೋ ಏನೋ. ವಿಜ್ಞಾನ ಕಥೆಗಾರರ ಆ ಚಿಕ್ಕ ಸಾಲಿನಲ್ಲಿ ಮೊದಲು ಹೆಸರಿಸಬೇಕಾದವರು ರಾಜಶೇಖರ ಭೂಸನೂರಮಠ. ಅವರ ‘ಮನ್ವಂತರ’ ಮತ್ತು ‘ಆಪರೇಷನ್ ಯು.ಜಿ.’ ಹಳೆಯ ಗ್ರಂಥಾಲಯಗಳಲ್ಲಿ ಹುಡುಕಿದರೆ ಸಿಗಬಹುದು. ಮನು ಅವರ ‘ಮಹಾಸಂಪರ್ಕ’ ಮಹಾಭಾರತಕ್ಕೆ ಅನ್ಯಲೋಕದವರ ಸಂಪರ್ಕವನ್ನು ಹೊಂದಿಸುವ ದೊಡ್ಡ ಸಾಹಸ. ದೇವತೆಗಳನ್ನು ಅನ್ಯಗ್ರಹದವರೆಂದು ವಿವರಿಸಿದಾಗ ಪುರಾಣವೂ ಕಿರಿದಾಗುತ್ತದೆ, ವಿಜ್ಞಾನವೂ ಹಿರಿದಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ, ಆದರೂ ಅದನ್ನು ಬಹಳ ಪ್ರೀತಿಯಿಂದ ಓದಿದವರಿದ್ದಾರೆ.

ಎಸ್. ಎಲ್. ಭೈರಪ್ಪನವರ ‘ಯಾನ’ (2014) ಬೇರೆ ತೂಕದ ಪುಸ್ತಕ. ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ ಸುಮಾರು 4.2 ಜ್ಯೋತಿರ್ವರ್ಷ ದೂರದಲ್ಲಿದೆ. ಕಾದಂಬರಿಯಲ್ಲಿ ಅಲ್ಲಿಗೆ ಹೊರಟವರು ಮರಳುವಂತಿಲ್ಲ. ನೌಕೆಯಲ್ಲೇ ಹುಟ್ಟಿದ ಆಕಾಶ್ ಮತ್ತು ಮೇದಿನಿ ಭೂಮಿಯನ್ನು ಕಂಡವರಲ್ಲ. ತಮ್ಮನ್ನು ಇಲ್ಲಿಗೆ ತಂದ ಹಿರಿಯರ ಬದುಕನ್ನು ಅವರು ಬರಹದ ಮೂಲಕ ತಿಳಿಯುತ್ತಾರೆ. ತಂತ್ರಜ್ಞಾನದ ವಿವರಗಳು ಕೆಲವೆಡೆ ಉಪನ್ಯಾಸದಂತೆ ಕೇಳಿಸುತ್ತವೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ತಮ್ಮ ಒಪ್ಪಿಗೆಯಿಲ್ಲದೆ ಹಿಂತಿರುಗಲಾರದ ದಾರಿಯಲ್ಲಿ ಹುಟ್ಟಿಸಲ್ಪಟ್ಟವರಿಗೆ ಹಿರಿಯರ ಗುರಿಯನ್ನು ಪೂರೈಸುವ ಹೊಣೆ ಇದೆಯೇ ಎಂಬ ಪ್ರಶ್ನೆಯನ್ನು ಕನ್ನಡದ ಇನ್ನಾವ ಕಾದಂಬರಿಯೂ ಇಷ್ಟು ನಿಷ್ಠುರವಾಗಿ ಕೇಳಿದಂತಿಲ್ಲ. ಹೆಣ್ಣು, ಗಂಡು, ಸಂತಾನ ಇವುಗಳ ಚರ್ಚೆ ನೇರವಾಗಿದೆ. ಮೊದಲು ನೀವು ಓದಿ, ಮಗಳಿಗೆ ಕೊಡುವ ಕಾಲವನ್ನು ನೀವೇ ನಿರ್ಧರಿಸಿ.

ಭಾರತದ ಇತರ ಭಾಷೆಗಳಿಂದ ಮೂರನ್ನು ಸೇರಿಸಲೇಬೇಕು. ಒಂದು, ಜಗದೀಶಚಂದ್ರ ಬೋಸರು 1896ರಲ್ಲಿ ಬಂಗಾಳಿಯಲ್ಲಿ ಬರೆದ ಸಣ್ಣ ಕಥೆ. ಕೇಶತೈಲದ ಕಂಪನಿಯೊಂದು ನಡೆಸಿದ ಸ್ಪರ್ಧೆಯಲ್ಲಿ ಬಹುಮಾನ ಪಡೆದ ಆ ಕಥೆಯಲ್ಲಿ ಕಲ್ಕತ್ತೆಯತ್ತ ಬರುತ್ತಿದ್ದ ಚಂಡಮಾರುತ ಒಂದು ಸೀಸೆ ತಲೆಗೂದಲಿನ ಎಣ್ಣೆಯನ್ನು ಸಮುದ್ರಕ್ಕೆ ಸುರಿದಾಗ ಮಾಯವಾಗುತ್ತದೆ. ನಗೆಯ ಕೆಳಗೆ ವಿಜ್ಞಾನವಿದೆ: ನೀರಿನ ಮೇಲೆ ತೆಳುವಾಗಿ ಹರಡಿದ ಎಣ್ಣೆ ಮೇಲ್ಮೈ ಸೆಳೆತವನ್ನು ಬದಲಿಸಿ ಕಿರುದೆರೆಗಳನ್ನು ಅಡಗಿಸುತ್ತದೆ, ಬೆಂಜಮಿನ್ ಫ್ರಾಂಕ್ಲಿನ್ ಅದನ್ನು ಪರೀಕ್ಷಿಸಿ 1774ರಲ್ಲಿ ಪ್ರಬಂಧ ಪ್ರಕಟಿಸಿದ್ದರು. ಆ ಒಂದು ನಿಜವನ್ನು ಹಿಡಿದು ಬೋಸರು ಎಲ್ಲಿಯವರೆಗೆ ಎಳೆದಿದ್ದಾರೆ ಎಂಬುದನ್ನು, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ತೀರವನ್ನು ಹೇಗೆ ಬಡಿಯಿತೆಂದು ಕಂಡವರು ಚೆನ್ನಾಗಿ ಸವಿಯಬಲ್ಲರು. ಹತ್ತನೆಯ ತರಗತಿಯಲ್ಲಿ ಪಾಠವಾಗಿಯೂ ಅದನ್ನು ನೀವು ಬಳಸಬಹುದು.

ಎರಡನೆಯದು ರುಕೈಯಾ ಸಖಾವತ್ ಹುಸೇನ್ ಅವರ ‘ಸುಲ್ತಾನಾಸ್ ಡ್ರೀಮ್’. 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಬಂದ ಈ ಇಂಗ್ಲಿಷ್ ಕಥೆಯಲ್ಲಿ ಗಂಡಸರು ಪರದೆಯ ಒಳಗಿದ್ದಾರೆ, ಹೆಂಗಸರು ಸೂರ್ಯನ ಶಾಖವನ್ನು ಹಿಡಿದಿಟ್ಟು ಶತ್ರುವನ್ನು ಓಡಿಸುತ್ತಾರೆ, ಮೋಡದಿಂದ ನೇರವಾಗಿ ನೀರು ಪಡೆಯುತ್ತಾರೆ. ಓದುವಾಗ ನಮಗೆ ಜೈಮಿನಿ ಭಾರತದ ಪ್ರಮೀಳೆಯ ಸ್ತ್ರೀರಾಜ್ಯ ನೆನಪಾಗದೆ ಇರದು. ಆದರೆ ಲಕ್ಷ್ಮೀಶನ ಪ್ರಮೀಳೆ ಕೊನೆಗೆ ಅರ್ಜುನನ ಕೈಹಿಡಿಯುತ್ತಾಳೆ. ರುಕೈಯಾ ಅವರ ರಾಣಿಗೆ ಅಂಥ ಅಗತ್ಯವೇ ಬೀಳುವುದಿಲ್ಲ. ಒಂದೇ ಸಂಜೆಯಲ್ಲಿ ಎರಡನ್ನೂ ಓದಿ ಚರ್ಚಿಸಬಹುದು.

ಮೂರನೆಯವರು ಜಯಂತ ನಾರಳೀಕರ. ಕಾರವಾರದ ಕಡೆ ಮರಾಠಿ ಓದಬಲ್ಲ ಹಿರಿಯರು ಇನ್ನೂ ಇದ್ದಾರೆ. ನಿಮ್ಮ ಬಳಗದಲ್ಲಿ ಅಂಥವರಿದ್ದರೆ ‘ಯಕ್ಷಾಂಚೀ ದೇಣಗೀ’ ಸಂಕಲನವನ್ನು ಓದಿಸಿ ಕೇಳಿ. ಖಭೌತ ವಿಜ್ಞಾನಿಯಾಗಿ ಲೋಕಪ್ರಸಿದ್ಧರಾಗಿದ್ದ ಅವರು ತಮ್ಮ ಮೊದಲ ಕಥೆಯನ್ನು ಸ್ಪರ್ಧೆಗೆ ಕಳುಹಿಸಿದ್ದು ಸುಳ್ಳು ಹೆಸರಿನಲ್ಲಿ, ಅದೂ ಬಹುಮಾನ ಪಡೆಯಿತು. ಇಂಗ್ಲಿಷಿನಲ್ಲೂ ದೊರೆಯುವ ಅವರ ‘ದ ರಿಟರ್ನ್ ಆಫ್ ವಾಮನ್’ ಕಾದಂಬರಿಯಲ್ಲಿ ಯಂತ್ರಮಾನವನೊಬ್ಬ ತನ್ನಂಥವರನ್ನು ತಾನೇ ಸೃಷ್ಟಿಸಿಕೊಳ್ಳುವ ಶಕ್ತಿಯನ್ನು ಬಯಸುತ್ತಾನೆ. ದೀಪಾವಳಿಯಲ್ಲಿ ಬಲೀಂದ್ರನನ್ನು ಕೂರಿಸುವ ಮನೆಯವರಿಗೆ, ಮೂರು ಹೆಜ್ಜೆಯ ಜಾಗ ಕೇಳಿದವನ ಹೆಸರನ್ನು ಲೇಖಕರು ಆ ಯಂತ್ರಕ್ಕೆ ಯಾಕಿಟ್ಟರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷಿನ ಉಳಿದ ದೊಡ್ಡ ಹೆಸರುಗಳನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಅವು ಮಗಳಿಗೆ ಹೇಗೂ ಗೊತ್ತಿರುತ್ತವೆ. ಟಾಲ್ಕಿನ್ ಅವರಲ್ಲಿ ‘ದ ಹಾಬಿಟ್’ (1937) ಮೊದಲು, ಮೂರು ಸಂಪುಟಗಳ ದೊಡ್ಡ ಕಥೆಯಾದ ‘ದ ಲಾರ್ಡ್ ಆಫ್ ದ ರಿಂಗ್ಸ್’ ಅನಂತರ. ಹತ್ತು ಹನ್ನೆರಡು ಸಂಪುಟಗಳಿಗೆ ಬೆಳೆಯುವ ಸರಣಿಗಳ ಬಗ್ಗೆ ನನಗೆ ಉತ್ಸಾಹ ಕಡಿಮೆ. ಅವುಗಳಲ್ಲಿ ಆರಂಭದ ನಿಯಮಗಳು ಐದನೆಯ ಸಂಪುಟದ ಹೊತ್ತಿಗೆ ಲೇಖಕರಿಗೇ ಭಾರವಾಗಿರುತ್ತವೆ. ಐಸಾಕ್ ಅಸಿಮೋವ್ ಅವರಲ್ಲಿ ನಾನು ಹೇಳುವುದು ಒಂದು ಸಣ್ಣ ಕಥೆಯನ್ನು, ‘ನೈಟ್‌ಫಾಲ್’ (1941). ಆರು ಸೂರ್ಯರಿರುವ ಲೋಕದಲ್ಲಿ 2049 ವರ್ಷಗಳಿಗೊಮ್ಮೆ ಮಾತ್ರ ಕತ್ತಲಾಗುತ್ತದೆ; ಇರುಳನ್ನೇ ಅರಿಯದ ಜನ ಆಗ ಏನಾಗುತ್ತಾರೆ? 1980ರ ಫೆಬ್ರುವರಿ 16ರಂದು ಸೂರ್ಯನ ಪೂರ್ಣಗ್ರಹಣದ ಹಾದಿ ನಮ್ಮ ಕಾರವಾರ, ಅಂಕೋಲೆಗಳ ಮೇಲೆಯೇ ಹಾದುಹೋಗಿತ್ತು. ಅಂದು ಬಾಗಿಲು ಹಾಕಿಕೊಂಡು ಒಳಗೆ ಕುಳಿತವರ ಮಾತನ್ನು ಮನೆಯ ಹಿರಿಯರಿಂದ ಕೇಳಿ ಆ ಮೇಲೆ ಈ ಕಥೆಯನ್ನು ಓದಿ.

ಮಗಳು ಪಿಯುಸಿಯಲ್ಲಿ ಭೌತಶಾಸ್ತ್ರ ತೆಗೆದುಕೊಂಡಿದ್ದರೆ ಟೆಡ್ ಚಿಯಾಂಗ್ ಅವರ ‘ಸ್ಟೋರೀಸ್ ಆಫ್ ಯುವರ್ ಲೈಫ್ ಅಂಡ್ ಅದರ್ಸ್’ (2002) ಸಂಕಲನವನ್ನು ಕೊಂಡುಕೊಡಿ. ಬೆಳಕು ಗಾಳಿಯಿಂದ ನೀರಿಗೆ ಹೋಗುವಾಗ ಬಾಗುವುದು ಕನಿಷ್ಠ ಕಾಲ ಹಿಡಿಯುವ ದಾರಿಯಲ್ಲಿ ಎಂಬ ಫರ್ಮಾ ಅವರ ತತ್ತ್ವವನ್ನು ನೀವು ಬಲ್ಲಿರಿ. ಹಾಗಾದರೆ ತಲುಪಬೇಕಾದ ಜಾಗವನ್ನು ಬೆಳಕು ಹೊರಡುವ ಮೊದಲೇ ತಿಳಿದಿರಬೇಕೇ ಎಂಬ ಪ್ರಶ್ನೆಯನ್ನು ಹಿಡಿದು, ಬದುಕಿನ ಕೊನೆಯನ್ನು ಮೊದಲೇ ಬಲ್ಲ ತಾಯಿಯೊಬ್ಬಳು ಮಗಳಿಗೆ ಹೇಳುವ ಕಥೆಯನ್ನು ಅವರು ಕಟ್ಟಿದ್ದಾರೆ. ಅದೇ ಸಂಕಲನದಲ್ಲಿ ಆಕಾಶ ಗಟ್ಟಿಯಾದ ಚಾವಣಿ ಎಂಬ ಪ್ರಾಚೀನ ನಂಬಿಕೆಯನ್ನೇ ನಿಜವೆಂದು ಹಿಡಿದು, ಗೋಪುರ ಹತ್ತಿ ಆ ಚಾವಣಿಯನ್ನು ಕೊರೆಯಲು ಹೊರಟ ಗಣಿಗಾರರ ಕಥೆಯೂ ಇದೆ. ಒಂದೇ ಅಸಾಧ್ಯದ ಬೆಲೆಯನ್ನು ಪೈಸೆ ಪೈಸೆಯಾಗಿ ತೆರುವುದು ಹೇಗೆಂದು ನೋಡಬೇಕಾದರೆ ಅದನ್ನು ನೋಡಬೇಕು.

ಕೊನೆಯದಾಗಿ, ನಿಮಗಾಗಿಯೇ ಒಂದು: ಪೋಲಿಷ್ ಲೇಖಕ ಸ್ಟಾನಿಸ್ಲಾವ್ ಲೆಮ್ ಅವರ ‘ಸೋಲಾರಿಸ್’ (1961). ಒಂದು ಗ್ರಹವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಆವರಿಸಿದ ಸಮುದ್ರ ಜೀವಂತವಾಗಿದೆ, ಬಹುಶಃ ಯೋಚಿಸುತ್ತಿದೆ. ತಲೆಮಾರುಗಳಿಂದ ವಿಜ್ಞಾನಿಗಳು ಅದನ್ನು ಅಳೆದು, ವರ್ಗೀಕರಿಸಿ, ಗ್ರಂಥಾಲಯಗಳನ್ನೇ ತುಂಬಿಸಿದ್ದಾರೆ, ಆದರೆ ಅದಕ್ಕೆ ನಮ್ಮೊಂದಿಗೆ ಮಾತಾಡುವ ಇಚ್ಛೆ ಇದೆಯೇ ಎಂಬುದು ಮಾತ್ರ ತಿಳಿದಿಲ್ಲ. ಅದು ಅಲ್ಲಿರುವ ಮನುಷ್ಯರ ಬಳಿಗೆ ಅವರ ನೆನಪಿನಲ್ಲಿ ಹುದುಗಿದವರನ್ನೇ ಆಕಾರ ಕೊಟ್ಟು ಕಳುಹಿಸುತ್ತದೆ. ಹುಸಿ ಶಾಸ್ತ್ರಗ್ರಂಥಗಳ ಸಾರಾಂಶವೇ ತುಂಬಿದ ಅಧ್ಯಾಯಗಳು ನಡುವೆ ಬರುತ್ತವೆ; ಅವಸರದ ಓದುಗರು ಅವನ್ನು ಹಾರಿಸುತ್ತಾರೆ. ನೀವು ಹಾರಿಸಬೇಡಿ, ವಿಜ್ಞಾನ ಕಲಿಸುವವರಿಗೆ ಪುಸ್ತಕದ ನಿಜವಾದ ನಗೆ ಇರುವುದು ಅಲ್ಲಿ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ಕರಾವಳಿಯ ದೋಣಿಗಳೆಲ್ಲ ದಡದಲ್ಲಿರುವಾಗ ಘಟ್ಟದ ಮೇಲೆಯೂ ಓದುವುದಕ್ಕೆ ಬಿಡುವು ಹೆಚ್ಚು. ಇದನ್ನು ಆಗ ತೆಗೆದುಕೊಳ್ಳಿ. ಮಗಳಿಗೆ ಮಾತ್ರ ಇನ್ನೆರಡು ವರ್ಷ ಕಳೆಯಲಿ, ಅದುವರೆಗೆ ಅವಳ ಕೈಯಲ್ಲಿ ಅರ್ಥ್‌ಸೀಯ ಮೂರು ಭಾಗಗಳೂ ‘ಹಯವದನ’ವೂ ಇದ್ದರೆ ಸಾಕು.